ಪ್ರೌಢಶಾಲೆಗೆ ಕಿಣ್ವ ಪ್ರಯೋಗದ ಪೆಟ್ಟಿಗೆ: ಒಂದು ವರ್ಷ ಬಳಸಿದ ಮೇಲೆ

ಶಿರಸಿ ತಾಲ್ಲೂಕಿನ ಒಳಭಾಗದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಜೀವಕೋಶದ ಪಾಠ ಬಂದಾಗಲೆಲ್ಲ ಕಿಣ್ವಗಳ, ಅಂದರೆ ಜೀವಿಗಳಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನುಗಳ, ವಿಷಯವನ್ನು ಕಪ್ಪು ಹಲಗೆಯ ಮೇಲೆ ಒಂದು ಚಿತ್ರ ಬರೆದು, ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಿಸಿ ಮುಗಿಸಬೇಕಾಗಿ ಬರುತ್ತಿದ್ದುದು ಹಲವು ವರ್ಷಗಳಿಂದ ನನ್ನನ್ನು ಕಾಡುತ್ತಿತ್ತು. ಕಳೆದ ವರ್ಷ ಮೇ ತಿಂಗಳಲ್ಲಿ, ಶಾಲೆ ಆರಂಭವಾಗುವ ಮೊದಲೇ ಕೈಗೆ ಸಿಗಲಿ ಎಂದು, ಅಂತರ್ಜಾಲದಲ್ಲಿ ಮಾರಾಟಕ್ಕಿದ್ದ ಕಿಣ್ವ ಪ್ರಯೋಗದ ಪೆಟ್ಟಿಗೆಯೊಂದನ್ನು 1,450 ರೂಪಾಯಿ ಕೊಟ್ಟು ತರಿಸಿದೆ. ಒಂದು ಶೈಕ್ಷಣಿಕ ವರ್ಷ ಪೂರ್ತಿ ಎಂಟು ಮತ್ತು ಒಂಬತ್ತನೆಯ ತರಗತಿಗಳಲ್ಲಿ ಅದನ್ನು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇಂಥ ಪೆಟ್ಟಿಗೆಗಳು ಈಗ ಹಲವು ಕಡೆ ಸಿಗುತ್ತಿರುವುದರಿಂದ, ಯಾವುದನ್ನು ಕೊಂಡರೂ ಏನನ್ನು ನೋಡಿಕೊಳ್ಳಬೇಕೆಂಬುದೇ ನನಗೆ ಮುಖ್ಯವಾಗಿದೆ.

ಪೆಟ್ಟಿಗೆಯಲ್ಲಿ ಹನ್ನೆರಡು ಪ್ರನಾಳಗಳು ಮತ್ತು ಅವುಗಳ ಸ್ಟ್ಯಾಂಡು, ಆರು ಡ್ರಾಪರ್, ಎರಡು ಸಿರಿಂಜು, ಒಂದು ಉಷ್ಣತಾಮಾಪಕ, ಕುಳಿಗಳುಳ್ಳ ಬಿಳಿಯ ಪಿಂಗಾಣಿ ಹಲಗೆ, ಪಿಎಚ್ ಕಾಗದ, ಅಯೋಡಿನ್ ದ್ರಾವಣ, ಪಿಷ್ಟದ ಪುಡಿ, ಜೆಲಾಟಿನ್, ಯೀಸ್ಟಿನ ಪೊಟ್ಟಣ, ಸೋಸುಕಾಗದದ ಸಣ್ಣ ಬಿಲ್ಲೆಗಳು, ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವದ ದ್ರವರೂಪದ ಸೀಸೆ ಹಾಗೂ 48 ಪುಟಗಳ ಕನ್ನಡ ಕೈಪಿಡಿ ಇದ್ದವು. ಗಾಜಿನ ಗುಣಮಟ್ಟ ಚೆನ್ನಾಗಿದೆ. ಮಕ್ಕಳ ಕೈಯಲ್ಲಿ ವರ್ಷವಿಡೀ ಓಡಾಡಿದರೂ ಒಡೆದದ್ದು ಎರಡೇ ಪ್ರನಾಳಗಳು. ಹೈಡ್ರೋಜನ್ ಪೆರಾಕ್ಸೈಡನ್ನು ಮಾತ್ರ ನಾವೇ ಕೊಳ್ಳಬೇಕು. ಔಷಧ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 6 ಶೇಕಡಾ ಪ್ರಬಲತೆಯದು, ಆದ್ದರಿಂದ ಸಮಪಾಲು ನೀರು ಬೆರೆಸಿ 3 ಶೇಕಡಾಕ್ಕೆ ಇಳಿಸಿಕೊಳ್ಳಬೇಕು. ಕೈಪಿಡಿ ಇದನ್ನು ಹೇಳುವುದಿಲ್ಲ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕೆಂಬ ಎಚ್ಚರಿಕೆಯನ್ನೂ ಕೊನೆಯ ಪುಟಕ್ಕೆ ತಳ್ಳಿದೆ. ಮಕ್ಕಳಿಗಾಗಿ ಮಾಡಿದ ವಸ್ತುವಿನಲ್ಲಿ ಆ ಮಾತು ಮೊದಲ ಪುಟದಲ್ಲಿ ಇರಬೇಕಾಗಿತ್ತು.

ಪೆಟ್ಟಿಗೆಯ ಬೆಲೆ ಸಾರ್ಥಕವೆನಿಸುವುದು ಮೊದಲನೆಯ ಪ್ರಯೋಗದಲ್ಲಿಯೇ. ಒಂದು ಹಸಿ ಬಟಾಟೆಯನ್ನು ತುರಿದು, ಬಟ್ಟೆಯಲ್ಲಿ ಹಿಂಡಿ, ಆ ರಸದಲ್ಲಿ ಕಾಗದದ ಬಿಲ್ಲೆಯನ್ನು ಅದ್ದಿ, ಪೆರಾಕ್ಸೈಡ್ ತುಂಬಿದ ಪ್ರನಾಳದೊಳಗೆ ಬಿಡಬೇಕು. ಬಿಲ್ಲೆ ಮೊದಲು ತಳಕ್ಕೆ ಇಳಿದು ಕೂರುತ್ತದೆ. ಮರುಕ್ಷಣವೇ ಅದರ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮೂಡುತ್ತವೆ; ಬಿಲ್ಲೆಯ ಒಂದು ಬದಿ ಮೇಲೇಳುತ್ತದೆ, ವಾಲುತ್ತದೆ, ಗುಳ್ಳೆಗಳನ್ನು ಹೊತ್ತುಕೊಂಡೇ ನೇರವಾಗಿ ನಿಂತು ಮೇಲಕ್ಕೆ ತೇಲುತ್ತದೆ. 3 ಶೇಕಡಾ ದ್ರಾವಣದಲ್ಲಿ ನಮ್ಮ ಬಿಲ್ಲೆಗಳು ಆರೇಳು ಸೆಕೆಂಡಿನಲ್ಲಿ ಮೇಲೆ ಬಂದವು. ಅದನ್ನು ಅರ್ಧಕ್ಕೆ ತಿಳಿಮಾಡಿದಾಗ ಹನ್ನೊಂದು, ಮತ್ತೂ ಅರ್ಧ ಮಾಡಿದಾಗ ಇಪ್ಪತ್ತನ್ನು ದಾಟಿತು. ಮಕ್ಕಳು ಒಟ್ಟಾಗಿ ಎಣಿಸುತ್ತಿದ್ದರು. ಕಿಣ್ವದ ಕೆಲಸವೆಂದರೆ ವೇಗ ಎಂಬುದು ಕಣ್ಣಿಗೆ ಕಾಣುವ, ಎಣಿಸಿ ಬರೆದುಕೊಳ್ಳಬಹುದಾದ ಸಂಗತಿಯಾದದ್ದು ನನ್ನ ತರಗತಿಯಲ್ಲಿ ಅದೇ ಮೊದಲು.

ಬಟಾಟೆಯ ರಸದಲ್ಲಿ ಈ ಕೆಲಸ ಮಾಡುವುದು ಕ್ಯಾಟಲೇಸ್ ಎಂಬ ಕಿಣ್ವ. ಹೈಡ್ರೋಜನ್ ಪೆರಾಕ್ಸೈಡ್ ಹೊರಗಿನಿಂದ ತಂದ ವಿಷವಷ್ಟೇ ಅಲ್ಲ, ನಮ್ಮ ಕೋಶಗಳೂ ಉಸಿರಾಟದ ಹಾದಿಯಲ್ಲಿ, ಕೊಬ್ಬನ್ನು ಕರಗಿಸುವ ಹಾದಿಯಲ್ಲಿ ಅದನ್ನು ಹೊತ್ತುಹೊತ್ತಿಗೂ ಹುಟ್ಟಿಸುತ್ತಿರುತ್ತವೆ. ಪೆರಾಕ್ಸಿಸೋಮ್ ಎಂಬ ಪುಟ್ಟ ಚೀಲಗಳಲ್ಲಿ ಕಾದು ಕುಳಿತಿರುವ ಕ್ಯಾಟಲೇಸ್, ತನ್ನೊಳಗಿನ ಕಬ್ಬಿಣದ ಪರಮಾಣುವಿನ ನೆರವಿನಿಂದ, ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಒಂದೇ ಒಂದು ಕ್ಯಾಟಲೇಸ್ ಅಣು ಸೆಕೆಂಡಿಗೆ ಹತ್ತಾರು ಲಕ್ಷ ಪೆರಾಕ್ಸೈಡ್ ಅಣುಗಳನ್ನು ಮುಗಿಸಬಲ್ಲದು. ಕೈಪಿಡಿ ಈ ಅಂಕಿಯನ್ನು ಕೊಟ್ಟಿರುವುದು ಮೆಚ್ಚುವಂಥದ್ದು. ಆದರೆ ಪಕ್ಕದಲ್ಲಿಯೇ ರುಬಿಸ್ಕೋದ ಅಂಕಿಯನ್ನೂ ಕೊಡಬೇಕಾಗಿತ್ತು. ಎಲೆಗಳಲ್ಲಿ ಇಂಗಾಲದ ಡೈ ಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಆ ಕಿಣ್ವ ಸೆಕೆಂಡಿಗೆ ಮೂರರಿಂದ ಹತ್ತು ಅಣುಗಳನ್ನು ಮಾತ್ರ ನಿಭಾಯಿಸುತ್ತದೆ, ಅದಕ್ಕೇ ಗಿಡಗಳು ಅದನ್ನು ರಾಶಿರಾಶಿಯಾಗಿ ತಯಾರಿಸಿಕೊಳ್ಳುತ್ತವೆ. ಎಲ್ಲ ಕಿಣ್ವಗಳೂ ಮಿಂಚಿನ ವೇಗದವು ಎಂಬ ಭಾವನೆ ಮಕ್ಕಳಲ್ಲಿ ಉಳಿಯಬಾರದು.

ಈ ವೇಗ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಕೈಪಿಡಿಯಲ್ಲಿ ಇರುವ ವಿವರಣೆ ಸರಿಯಾಗಿದ್ದರೂ ಒಣಕಲಾಗಿದೆ. ಕಾರವಾರದ ಕಡೆ ಕೊಂಕಣ ರೈಲ್ವೆಯಲ್ಲಿ ಪ್ರಯಾಣ ಮಾಡಿದ ಮಕ್ಕಳು ನಮ್ಮಲ್ಲಿ ಇದ್ದಾರೆ, ಆದ್ದರಿಂದ ನಾನು ಸುರಂಗದ ಮಾತನ್ನು ಎತ್ತಿಕೊಂಡೆ. ಗುಡ್ಡದ ಈಚೆಯಿಂದ ಆಚೆಗೆ ಹೋಗಲು ನೆತ್ತಿಯವರೆಗೆ ಹತ್ತಿ ಇಳಿಯುವುದು ಒಂದು ದಾರಿ, ಸುರಂಗದಲ್ಲಿ ನುಗ್ಗಿ ಹೋಗುವುದು ಇನ್ನೊಂದು. ಸುರಂಗ ಕೊರೆದದ್ದರಿಂದ ಎರಡು ಬದಿಯ ಊರುಗಳ ಎತ್ತರವೇನೂ ಬದಲಾಗಲಿಲ್ಲ, ನಡುವಿನ ಏರು ಮಾತ್ರ ತಪ್ಪಿತು. ಕಿಣ್ವವೂ ಹಾಗೆಯೇ: ಕ್ರಿಯೆ ಆರಂಭವಾಗಲು ಬೇಕಾದ ಶಕ್ತಿಯ ಏರನ್ನು ತಗ್ಗಿಸುತ್ತದೆಯೇ ಹೊರತು, ಕ್ರಿಯೆ ಕೊನೆಗೆ ಎಲ್ಲಿ ಹೋಗಿ ನಿಲ್ಲಬೇಕೆಂಬುದನ್ನು ಅದು ಬದಲಿಸುವುದಿಲ್ಲ, ತಾನೂ ಖರ್ಚಾಗುವುದಿಲ್ಲ.

ಕೈಪಿಡಿಯಲ್ಲಿ ನನಗೆ ಒಪ್ಪಿಗೆಯಾಗದ ಮಾತು ಎದುರಾದದ್ದು ಎರಡನೆಯ ಪ್ರಯೋಗದಲ್ಲಿ. ಬಟಾಟೆಯ ರಸವನ್ನು ಕುದಿಸಿ ಬಿಲ್ಲೆಯನ್ನು ಅದ್ದಿದರೆ ಅದು ತಳದಲ್ಲಿಯೇ ಉಳಿಯುತ್ತದೆ. ನಾವು ಊಟದ ಬಿಡುವು ಮುಗಿಸಿ ಬಂದು ನೋಡಿದರೂ ಅಲ್ಲಿಯೇ ಇತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಅಕ್ಕೋರೇ, ಆರಿದ ಮೇಲೆ ಅದು ಮತ್ತೆ ಕೆಲಸ ಮಾಡ್ತದಾ?" ಎಂದು ಕೇಳಿದಳು. ಮಾಡಿ ನೋಡಿದೆವು, ಆಗಲಿಲ್ಲ. ಇದಕ್ಕೆ ಕೈಪಿಡಿ ಕೊಡುವ ಕಾರಣ "ಶಾಖದಿಂದ ಕಿಣ್ವ ಸಾಯುತ್ತದೆ" ಎಂಬ ಒಂದೇ ವಾಕ್ಯ. ಕಿಣ್ವ ಬದುಕಿಯೇ ಇರಲಿಲ್ಲ, ಸಾಯುವುದೆಲ್ಲಿಂದ ಬಂತು? ಅದು ನೂರಾರು ಅಮೈನೋ ಆಮ್ಲಗಳ ಸರಪಳಿ ಒಂದು ನಿರ್ದಿಷ್ಟ ಬಗೆಯಲ್ಲಿ ಮಡಚಿಕೊಂಡು ಆದ ಪ್ರೋಟೀನು. ಕಾಯಿಸಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಂಡು ಗಡ್ಡೆಗಟ್ಟುತ್ತವೆ. ಬೆಂದ ಮೊಟ್ಟೆಯ ಬಿಳಿಯ ಭಾಗ ಆರಿದ ಮೇಲೂ ಮತ್ತೆ ತಿಳಿಯಾಗುವುದಿಲ್ಲವಲ್ಲ, ಹಾಗೆ.

ಇದು ಬರಿಯ ಪದದ ತಕರಾರಲ್ಲ. ಹುಳಿಯುವ ಕ್ರಿಯೆಗೆ ಜೀವಂತ ಕೋಶವೇ ಬೇಕೆಂಬ ನಂಬಿಕೆ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಪ್ರಬಲವಾಗಿತ್ತು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಮರಳಿನೊಡನೆ ಅರೆದು, ಹಿಂಡಿ ತೆಗೆದ, ಒಂದೂ ಜೀವಂತ ಕೋಶವಿಲ್ಲದ ರಸಕ್ಕೆ ಸಕ್ಕರೆ ಹಾಕಿದಾಗ ಅದು ಹುಳಿಯಿತು. ಆ ಕೆಲಸಕ್ಕೆ ಅವರಿಗೆ 1907ರಲ್ಲಿ ನೊಬೆಲ್ ಬಂತು. ಆಮೇಲೂ ಕಿಣ್ವವೆಂದರೆ ಪ್ರೋಟೀನೇ ಹೌದೇ ಎಂಬ ಜಗಳ ಮುಂದುವರಿದು, 1926ರಲ್ಲಿ ಜೇಮ್ಸ್ ಸಮ್ನರ್ ಅಮೆರಿಕದಲ್ಲಿ ಜ್ಯಾಕ್ ಬೀನ್ ಎಂಬ ಅವರೆ ಜಾತಿಯ ಬೀಜದಿಂದ ಯೂರಿಯೇಸ್ ಕಿಣ್ವವನ್ನು ಹರಳುಗಟ್ಟಿಸಿ ತೋರಿಸಬೇಕಾಯಿತು. ಇಷ್ಟೆಲ್ಲ ಆದ ಮೇಲೆ ನಮ್ಮ ಮಕ್ಕಳಿಗೆ ಕಿಣ್ವ ಸಾಯುತ್ತದೆ ಎಂದು ಹೇಳಿಕೊಟ್ಟರೆ, ಅವರನ್ನು 1897ಕ್ಕಿಂತ ಹಿಂದಕ್ಕೆ ಕರೆದೊಯ್ದ ಹಾಗಾಗುತ್ತದೆ. ಪ್ರಾಸಂಗಿಕವಾಗಿ ಒಂದು ಮಾತು: ಸಂಸ್ಕೃತದಲ್ಲಿ ಮದ್ಯವನ್ನು ಹುಳಿಯಿಸಲು ಹಾಕುವ ದ್ರವ್ಯಕ್ಕೆ ಕಿಣ್ವವೆಂಬ ಹೆಸರು ಬಹಳ ಹಿಂದಿನಿಂದಲೂ ಇತ್ತು, 1878ರಲ್ಲಿ ವಿಲ್ಹೆಲ್ಮ್ ಕ್ಯೂನೆ ಗ್ರೀಕ್ ಭಾಷೆಯಿಂದ ಎನ್ಜೈಮ್ ಎಂಬ ಪದ ಕಟ್ಟಿದಾಗಲೂ ಅದರ ಅರ್ಥ ಯೀಸ್ಟಿನೊಳಗಿನದು ಎಂದೇ. ಕನ್ನಡದಲ್ಲಿ ಈ ವಿಷಯ ಕಲಿಸುವವರಿಗೆ ಇಷ್ಟು ಹೊಂದಿ ಬರುವ ಪದ ಸಿಕ್ಕಿರುವುದು ಭಾಗ್ಯವೇ ಸರಿ.

ಅಮೈಲೇಸಿನ ಸೀಸೆಯ ವಿಷಯದಲ್ಲಿ ನನಗೆ ನಿಜವಾಗಿ ಬೇಸರವಾಯಿತು. ಮೇ ತಿಂಗಳ ಬಿಸಿಲಿನಲ್ಲಿ ಒಂಬತ್ತು ದಿನ ಲಾರಿ, ಗೋದಾಮು ಸುತ್ತಿ ಬಂದ ಆ ದ್ರವ ಪಿಷ್ಟವನ್ನು ಒಂದಿಷ್ಟೂ ಒಡೆಯಲಿಲ್ಲ. ತಂಪಿನಲ್ಲಿ ಇಡಬೇಕೆಂದು ಸೀಸೆಯ ಮೇಲೆ ಅಚ್ಚಾಗಿತ್ತು, ಕಳುಹಿಸಿದ ರೀತಿಯಲ್ಲಿ ಆ ಕಾಳಜಿ ಇರಲಿಲ್ಲ. ಮೂರು ಸಲ ಪತ್ರ ಬರೆದ ಮೇಲೆ ಜುಲೈಯಲ್ಲಿ ಬೇರೆ ಸೀಸೆ ಬಂತು, ಅದು ಚೆನ್ನಾಗಿ ಕೆಲಸ ಮಾಡಿತು. ದ್ರವಕ್ಕೆ ಬದಲು ಒಣಪುಡಿಯಾಗಿ ಕೊಟ್ಟಿದ್ದರೆ ಈ ತೊಂದರೆಯೇ ಬರುತ್ತಿರಲಿಲ್ಲ. ನಡುವಿನ ಆರು ವಾರ ನಾವು, ಅಮೈಲೇಸ್ ತಾನಾಗಿಯೇ ಇರುವ ಜೊಲ್ಲನ್ನೇ ಬಳಸಿದೆವು. ಕುಚ್ಚಲಕ್ಕಿ ಗಂಜಿಯ ತಿಳಿಗೆ ಜೊಲ್ಲು ಬೆರೆಸಿ, ಅರ್ಧ ನಿಮಿಷಕ್ಕೊಂದು ಹನಿಯನ್ನು ಪಿಂಗಾಣಿ ಕುಳಿಯಲ್ಲಿದ್ದ, ಪಿಷ್ಟ ಸೇರಿದರೆ ನೀಲಿಯಾಗುವ ಅಯೋಡಿನ್ನಿಗೆ ಬಿಟ್ಟಾಗ, ಮೊದಲ ಕುಳಿಗಳ ಕಡುನೀಲಿ ಬಣ್ಣ ಬರಬರುತ್ತ ನೇರಳೆಯಾಗಿ, ಕಂದಾಗಿ, ಕೊನೆಗೆ ಅಯೋಡಿನ್ನಿನ ಹಳದಿಯಷ್ಟೇ ಉಳಿಯಿತು.

ಇಲ್ಲಿ ಕೈಪಿಡಿಯಲ್ಲಿ ಒಂದು ದೊಡ್ಡ ಲೋಪವಿದೆ, ಕೊಳ್ಳುವವರು ಗಮನಿಸಬೇಕು. ಬೇರೆಬೇರೆ ಉಷ್ಣತೆಯಲ್ಲಿ ಇದನ್ನು ಮಾಡಲು ಹೇಳುವ ಪುಟದಲ್ಲಿ, ಬಿಸಿಯಾದ ಮಿಶ್ರಣಕ್ಕೆ ನೇರವಾಗಿ ಅಯೋಡಿನ್ ಹಾಕಲು ಸೂಚಿಸಿದ್ದಾರೆ. ಪಿಷ್ಟದ ಅಣು ಸುರುಳಿಯಂತಿದ್ದು, ಅಯೋಡಿನ್ ಆ ಸುರುಳಿಯೊಳಗೆ ಕುಳಿತಾಗ ನೀಲಿ ಬಣ್ಣ ಬರುತ್ತದೆ. ಬಿಸಿಯಲ್ಲಿ ಸುರುಳಿ ಸಡಿಲವಾದರೆ ಪಿಷ್ಟ ಪೂರ್ತಿಯಾಗಿ ಉಳಿದಿದ್ದರೂ ಬಣ್ಣ ಕಾಣುವುದಿಲ್ಲ. ನಮ್ಮಲ್ಲಿ ಹೀಗೆಯೇ ಆಗಿ, ಕುದಿಯುವ ನೀರಿನಲ್ಲಿಟ್ಟ ಪ್ರನಾಳದಲ್ಲಿ ಕಿಣ್ವ ಎಲ್ಲಕ್ಕಿಂತ ಚುರುಕಾಗಿದೆಯೆಂದು ಒಂದು ಗುಂಪು ಬರೆದುಕೊಂಡಿತು. ಹನಿಯನ್ನು ತಣಿಸಿ ಹಾಕಿದ ಮೇಲೆ ನೀಲಿ ಕಾಣಿಸಿತು, ಬರೆದದ್ದನ್ನು ತಿದ್ದಿದೆವು. ಕಲಿಸುವವರು ಪಕ್ಕದಲ್ಲಿ ಇರದಿದ್ದರೆ ತಪ್ಪು ತೀರ್ಮಾನವೇ ಉಳಿದುಹೋಗುತ್ತಿತ್ತು.

ಕೈಪಿಡಿಯಲ್ಲಿ ಬೀಗ ಮತ್ತು ಕೀಲಿಯ ಚಿತ್ರವಿದೆ. 1894ರಲ್ಲಿ ಎಮಿಲ್ ಫಿಷರ್ ಹೇಳಿದ ಹೋಲಿಕೆ ಅದು. ಒಂದು ಕಿಣ್ವ ತನಗೆ ಒಪ್ಪುವ ಪದಾರ್ಥವನ್ನು ಮಾತ್ರ ಏಕೆ ಹಿಡಿಯುತ್ತದೆ ಎಂಬುದನ್ನು ಅದು ಚೆನ್ನಾಗಿ ವಿವರಿಸುತ್ತದೆ. ಆದರೆ ಕಿಣ್ವ ಬೀಗದಂತೆ ಗಟ್ಟಿಯಾಗಿ ಕೂತಿರುವುದಿಲ್ಲ, ಪದಾರ್ಥ ಬಂದು ಕೂತಾಗ ತಾನೂ ಕೊಂಚ ಬಾಗಿ, ಹೊಂದಿಕೊಂಡು ಹಿಡಿಯುತ್ತದೆ ಎಂದು 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ಹೇಳಿದ್ದು ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲ. ನಮ್ಮ ಮಕ್ಕಳಿಗೆ ಇದನ್ನು ತಿಳಿಸಲು ಬೀಗಕ್ಕಿಂತ ಅಡಿಕೆ ಸುಲಿಯುವ ಕೈ ಮೇಲು. ಮೆಟ್ಟುಗತ್ತಿಯ ಮುಂದೆ ಕುಳಿತವರ ಕೈಗೆ ಅಡಿಕೆ ಬಂದೊಡನೆ ಬೆರಳುಗಳು ಅದರ ಗಾತ್ರಕ್ಕೆ ತಕ್ಕಂತೆ ಮಡಚಿಕೊಳ್ಳುತ್ತವೆ, ಸಿಪ್ಪೆ ಸೀಳಿಸಿಕೊಂಡು ಅಡಿಕೆ ಒಂದು ಕಡೆಗೆ, ಸಿಪ್ಪೆ ಒಂದು ಕಡೆಗೆ ಬೀಳುತ್ತದೆ, ಕೈ ಮುಂದಿನ ಅಡಿಕೆಗೆ ಸಿದ್ಧವಾಗುತ್ತದೆ. ರಾತ್ರಿಯಿಡೀ ಸಾವಿರಾರು ಅಡಿಕೆ ಸುಲಿದರೂ ಕತ್ತಿ ಒಂದೇ.

ಪದಾರ್ಥದ ಪ್ರಮಾಣಕ್ಕೂ ಕಿಣ್ವದ ವೇಗಕ್ಕೂ ಇರುವ ಸಂಬಂಧವನ್ನು ಲಿಯೊನೊರ್ ಮಿಖಾಯೆಲಿಸ್ ಮತ್ತು ಮಾಡ್ ಮೆಂಟೆನ್ ಎಂಬ ವಿಜ್ಞಾನಿಗಳು 1913ರಲ್ಲಿ ಗಣಿತದಲ್ಲಿ ಹಿಡಿದಿಟ್ಟರು, ಅದನ್ನು ತಿಳಿಸಲೂ ಇದೇ ಅಂಗಳ ಸಾಕು. ಹತ್ತು ಜನ ಸುಲಿಯಲು ಕುಳಿತಾಗ ಅಡಿಕೆ ಕಡಮೆ ಇದ್ದರೆ ಕೈಗಳು ಕಾಯುತ್ತವೆ. ಬುಟ್ಟಿ ಹೆಚ್ಚಿಸಿದಂತೆ ಸುಲಿದ ಲೆಕ್ಕವೂ ಏರುತ್ತದೆ. ಆದರೆ ಎಲ್ಲ ಕೈಗಳೂ ತುಂಬಿದ ಮೇಲೆ ಇನ್ನೆಷ್ಟು ಅಡಿಕೆ ಕೊನೆ ತಂದು ಸುರಿದರೂ ಗಂಟೆಯ ಲೆಕ್ಕ ಏರುವುದಿಲ್ಲ. ಪದಾರ್ಥ ಹೆಚ್ಚಾದಂತೆ ಏರಿ, ಆಮೇಲೆ ಚಪ್ಪಟೆಯಾಗುವ ರೇಖೆಯನ್ನು ಕೈಪಿಡಿ ಅಚ್ಚು ಹಾಕಿದೆ, ಕಾರಣವನ್ನು ಹೇಳಿಲ್ಲ.

ಉಳಿದ ಎರಡು ಪ್ರಯೋಗಗಳ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬನವಾಸಿಯ ಕಡೆಯಿಂದ ಬಂದ ಹಸಿ ಅನಾನಸಿನ ರಸ ಹಾಕಿದ ಜೆಲಾಟಿನ್ ಗಟ್ಟಿಯಾಗಲಿಲ್ಲ, ಕುದಿಸಿದ ರಸ ಹಾಕಿದ್ದು ಗಟ್ಟಿಯಾಯಿತು. ಜೆಲಾಟಿನ್‌ನಂಥ ಪ್ರೋಟೀನನ್ನು ಕತ್ತರಿಸುವ, ಅನಾನಸಿನ ಬ್ರೋಮೆಲೇನ್ ಕಿಣ್ವ ಕುದಿಯಲ್ಲಿ ಕೆಟ್ಟದ್ದು ಅದಕ್ಕೆ ಕಾರಣ. ಯೀಸ್ಟಿಗೆ ಸಕ್ಕರೆಯ ಬದಲು ಜೋನಿಬೆಲ್ಲ ಹಾಕಿದಾಗಲೂ ಬಲೂನು ಚೆನ್ನಾಗಿ ಉಬ್ಬಿತು.

ಈ ಪೆಟ್ಟಿಗೆಯ ನಿಜವಾದ ಕೊರತೆ ಬೇರೆ ಇದೆ. ಯೀಸ್ಟಿನದೊಂದನ್ನು ಬಿಟ್ಟರೆ ಎಲ್ಲ ಪ್ರಯೋಗಗಳೂ ಸೀಸೆಯೊಳಗಿನ ಕಿಣ್ವವನ್ನು ತೋರಿಸುತ್ತವೆ, ಜೀವಕೋಶದೊಳಗೆ ಕಿಣ್ವಗಳು ಹೇಗೆ ಹೊಂದಿಕೊಂಡಿರುತ್ತವೆ ಎಂಬುದನ್ನು ತೋರಿಸುವುದು ಒಂದೂ ಇಲ್ಲ. ಕೋಶದಲ್ಲಿ ಸಾವಿರಾರು ಬಗೆಯ ಕಿಣ್ವಗಳು ಒಟ್ಟಿಗೇ ಇದ್ದರೂ ಒಂದನ್ನೊಂದು ಕೆಡಿಸದೆ ಇರುವುದಕ್ಕೆ ಕಾರಣ, ಯಾವುದು ಎಲ್ಲಿ ಇರಬೇಕು, ಯಾವಾಗ ನಿಲ್ಲಬೇಕು ಎಂಬ ಕಟ್ಟುಪಾಡು. ಇದನ್ನು ತೋರಿಸಲು ಒಂದು ಬಾಳೆಕಾಯಿ ಸಾಕು. ಹೆಚ್ಚಿಟ್ಟ ಹೋಳು ಹತ್ತು ನಿಮಿಷದಲ್ಲಿ ಕಪ್ಪಾಗುತ್ತದೆ. ಇಡಿಯಾದ ಕಾಯಿಯ ಕೋಶಗಳಲ್ಲಿ ಫಿನಾಲ್ ಜಾತಿಯ ಪದಾರ್ಥಗಳು ರಸದಾನಿ ಎಂಬ ಚೀಲದೊಳಗೆ, ಅವನ್ನು ಕಪ್ಪಾಗಿಸುವ ಪಾಲಿಫಿನಾಲ್ ಆಕ್ಸಿಡೇಸ್ ಕಿಣ್ವ ಅದರ ಹೊರಗೆ ಬೇರೆ ಕಟ್ಟೆಯೊಳಗೆ ಇರುತ್ತವೆ. ಕತ್ತಿ ಆ ಗೋಡೆಗಳನ್ನು ಒಡೆದಾಗಲೇ ಎರಡೂ ಗಾಳಿಯ ಸಮಕ್ಷಮದಲ್ಲಿ ಕೂಡುತ್ತವೆ. ಹೋಳನ್ನು ಮಜ್ಜಿಗೆ ನೀರಿಗೆ ಹಾಕುವ ನಮ್ಮ ಅಮ್ಮಂದಿರ ಪದ್ಧತಿ ಆ ಕಿಣ್ವಕ್ಕೆ ಒಗ್ಗದ ಹುಳಿಯನ್ನು ಒದಗಿಸುತ್ತದೆ. ಕಾಳುಮೆಣಸನ್ನು ಒಣಗಿಸುವ ಮೊದಲು ಒಂದು ನಿಮಿಷ ಕುದಿನೀರಿಗೆ ಅದ್ದಿ ತೆಗೆದರೆ ಸಮನಾಗಿ ಕಪ್ಪಾಗುವುದಕ್ಕೂ, ಹೆಚ್ಚು ಹೊತ್ತು ಕುದಿಸಿದರೆ ಹಸಿರಾಗಿಯೇ ಉಳಿಯುವುದಕ್ಕೂ ಇದೇ ಕಿಣ್ವ ಕಾರಣ: ಮೊದಲನೆಯದರಲ್ಲಿ ಗೋಡೆ ಮಾತ್ರ ಒಡೆಯುತ್ತದೆ, ಎರಡನೆಯದರಲ್ಲಿ ಕಿಣ್ವವೂ ಕೆಡುತ್ತದೆ.

ಇನ್ನೂ ಸೊಗಸಾದ ಉದಾಹರಣೆ ವೆನಿಲ್ಲಾ. 2000ದ ದಶಕದ ಆರಂಭದಲ್ಲಿ ಬೆಲೆ ಏರಿದಾಗ ಶಿರಸಿಯ ಸುತ್ತಲಿನ ತೋಟಗಳಲ್ಲಿ ಈ ಬಳ್ಳಿ ಹಬ್ಬಿತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ಹಸಿರು ಕೋಡಿಗೆ ಪರಿಮಳವೇ ಇಲ್ಲ. ಪರಿಮಳದ ವೆನಿಲ್ಲಿನ್ ಅದರಲ್ಲಿ ಗ್ಲೂಕೋಸಿನೊಡನೆ ಬೆಸೆದುಕೊಂಡಿರುತ್ತದೆ, ಆ ಬೆಸುಗೆಯನ್ನು ಬಿಡಿಸುವ ಕಿಣ್ವ ಅದೇ ಕೋಡಿನಲ್ಲಿ ಬೇರೆ ಕಡೆಯಲ್ಲಿರುತ್ತದೆ. ಸುಮಾರು 65 ಡಿಗ್ರಿಯ ನೀರಿಗೆ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿದಾಗ ಕೋಶಗಳು ಒಡೆದು ಎರಡೂ ಕೂಡುತ್ತವೆ, ಪರಿಮಳ ಹುಟ್ಟುತ್ತದೆ. ತೋಟದಿಂದ ಒಬ್ಬ ಹುಡುಗ ತಂದ ಒಂದು ಹಸಿ ಕೋಡನ್ನೂ ಒಂದು ಸಂಸ್ಕರಿಸಿದ ಕೋಡನ್ನೂ ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿದೆವು. ಮೂಸಿ ನೋಡಿದ ಮಕ್ಕಳಿಗೆ ಕೋಶದೊಳಗಿನ ಗೋಡೆಗಳ ಬಗ್ಗೆ ನಾನು ಮತ್ತೆ ಹೇಳಬೇಕಾಗಿ ಬರಲಿಲ್ಲ.

ನಿಲ್ಲಿಸುವ ವಿಧಾನದ ಬಗ್ಗೆಯೂ ಕೈಪಿಡಿಯಲ್ಲಿ ಒಂದು ಪುಟವಾದರೂ ಬೇಕಾಗಿತ್ತು. ಇ. ಕೋಲೈ ಬ್ಯಾಕ್ಟೀರಿಯಾ ಥ್ರಿಯೊನೈನ್ ಎಂಬ ಅಮೈನೋ ಆಮ್ಲದಿಂದ ಐಸೊಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಐದು ಹಂತಗಳಲ್ಲಿ, ಐದು ಕಿಣ್ವಗಳಿಂದ ತಯಾರಿಸುತ್ತದೆ. ಐಸೊಲ್ಯೂಸಿನ್ ಸಾಕಷ್ಟು ಸೇರಿದಾಗ ಅದೇ ಹೋಗಿ ಮೊದಲ ಹಂತದ ಕಿಣ್ವಕ್ಕೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ, ನಡುವಿನ ಹಂತಗಳಲ್ಲಿ ಅರೆಬರೆ ಸರಕು ಬಿದ್ದಿರುವುದಿಲ್ಲ. ಅಂಗಳ ತುಂಬಿದ ದಿನ ಸುಲಿಯುವವರನ್ನು ಎಬ್ಬಿಸದೆ, ಮರ ಹತ್ತುವ ಕೊನೆಗೌಡನಿಗೇ ನಾಳೆ ಬರಬೇಡವೆಂದು ಹೇಳಿ ಕಳುಹಿಸುವ ಕ್ರಮವೂ ಇದೇ.

ಹೊರಗಿನ ಪದಾರ್ಥ ಬಂದು ಕಿಣ್ವವನ್ನು ತಡೆಯುವುದಕ್ಕೆ ನಮ್ಮ ಕಾಡಿನಲ್ಲಿಯೇ ಉಪ್ಪಾಗೆ ಎಂಬ ಹುಳಿಹಣ್ಣು ಇದೆ. ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ಸಿಟ್ರೇಟನ್ನು ಹೋಲುವುದರಿಂದ, ಕೊಬ್ಬಿನ ತಯಾರಿಕೆಗೆ ಬೇಕಾದ ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವದ ಸಕ್ರಿಯ ತಾಣದಲ್ಲಿ, ಅಂದರೆ ಸಿಟ್ರೇಟ್ ಕೂರಬೇಕಾದಲ್ಲಿ, ಹೋಗಿ ಕುಳಿತು ಜಾಗ ಹಿಡಿಯುತ್ತದೆ. ತೂಕ ಇಳಿಸುವ ಗುಳಿಗೆಗಳಲ್ಲಿ ಇದನ್ನು ಮಾರುವುದನ್ನು ಮಕ್ಕಳು ಜಾಹೀರಾತಿನಲ್ಲಿ ನೋಡಿರುತ್ತಾರೆ. 1998ರಲ್ಲಿ ಪ್ರಕಟವಾದ, 12 ವಾರ ನಡೆದ ಅಮೆರಿಕದ ಪರೀಕ್ಷೆಯಲ್ಲಿ ಬರಿಯ ಹುಸಿಗುಳಿಗೆ ನುಂಗಿದವರಿಗಿಂತ ಇದನ್ನು ನುಂಗಿದವರ ತೂಕ ಹೆಚ್ಚೇನೂ ಇಳಿಯಲಿಲ್ಲ ಎಂಬುದನ್ನೂ ಅವರಿಗೆ ಹೇಳಿದೆ. ಪ್ರನಾಳದಲ್ಲಿ ಕಿಣ್ವವೊಂದು ನಿಂತಿತೆಂದ ಮಾತ್ರಕ್ಕೆ ದೇಹದಲ್ಲಿಯೂ ಅದೇ ಫಲ ಸಿಗುತ್ತದೆಂದು ಹೇಳಲು ಬರುವುದಿಲ್ಲ.

ಒಟ್ಟಿನಲ್ಲಿ, ವಿಜ್ಞಾನ ಕಲಿಸುವವರು ಜೊತೆಗಿದ್ದು ಮಾಡಿಸುವುದಾದರೆ ಈ ಪೆಟ್ಟಿಗೆಯನ್ನು ಕೊಳ್ಳಿ ಎಂದೇ ಹೇಳುತ್ತೇನೆ. ಮಗುವಿನ ಕೈಗೆ ಕೊಟ್ಟು ಬಿಟ್ಟುಬಿಡುವ ಉಡುಗೊರೆಯಾಗಿ ಬೇಡ. ಬೇಸಿಗೆಯಲ್ಲಿ ತರಿಸಬೇಡಿ, ಮಳೆ ಹಿಡಿದ ಮೇಲೆ ತರಿಸಿ, ಬಂದ ದಿನವೇ ಅಮೈಲೇಸನ್ನು ಗಂಜಿ ತಿಳಿಯಲ್ಲಿ ಪರೀಕ್ಷಿಸಿ ಫ್ರಿಜ್ಜಿನಲ್ಲಿಡಿ. ಕಾಗದದ ಬಿಲ್ಲೆಗಳು ಮಳೆಗಾಲದ ತೇವಕ್ಕೆ ಬೂಸಲು ಹಿಡಿಯುತ್ತವೆ, ಬಿಗಿಯಾದ ಡಬ್ಬಿಯಲ್ಲಿ ಹಾಕಿಡಬೇಕು. ಮುಗಿದರೆ ಸೋಸುಕಾಗದಕ್ಕೆ ಕಚೇರಿಯ ಪಂಚಿಂಗ್ ಯಂತ್ರ ಒತ್ತಿದರಾಯಿತು, ನಮ್ಮ ಎರಡನೆಯ ಸುತ್ತಿನ ಬಿಲ್ಲೆಗಳೆಲ್ಲ ಹಾಗೆ ಮಾಡಿಕೊಂಡವೇ.